4 ಜಿಬಿ ಲ್ಯಾಪ್‌ಟಾಪ್‌ದಾಗ ನೆಟ್‌ವರ್ಕ್ ಫೋರೆನ್ಸಿಕ್ಸ್ ರೂಢಿ ಮಾಡ್ಕೊಳ್ಳೋದು ಹ್ಯಾಂಗ್ರಿ?

ತೊಗರಿಕಣಜ (ಕಲಬುರಗಿ), ಭಾನುವಾರ ರಾತ್ರಿ 10:12

ಎಲ್ಲರಿಗೂ ಶರಣು. ನಾ ಬಿಸಿಎ ಕೊನೀ ವರ್ಷ. ಸೇಡಂ ರಸ್ತೆ ಕಡೆ ರೂಮ್ ಮಾಡ್ಕೊಂಡು ಇದ್ದೀನಿ. ನೆಟ್‌ವರ್ಕ್ ಫೋರೆನ್ಸಿಕ್ಸ್, ಅಂದ್ರ ನೆಟ್‌ವರ್ಕ್‌ದಾಗ ಹೋಗಿ ಬರೋ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಹಿಡ್ದು ಏನು ನಡೀತಂತ ಪತ್ತೆ ಹಚ್ಚೋದು, ಕಲೀಬೇಕಂತ ಭಾಳ ಮನಸ್ಸದ. ಲ್ಯಾಪ್‌ಟಾಪ್ ನಮ್ಮ ಅಣ್ಣಂದು, 4 ಜಿಬಿ ರ‍್ಯಾಮ್, ಉಬುಂಟು ಹಾಕೀನಿ. ನಿನ್ನೆ ಪ್ಯಾಕೆಟ್ ನೋಡೋ ವೈರ್‌ಶಾರ್ಕ್ ಪ್ರೋಗ್ರಾಮ್‌ದಾಗ 900 ಎಂಬಿ ಫೈಲ್ ಒಂದು ತೆರದೆ. ಫ್ಯಾನ್ ಹಿಟ್ಟಿನ ಗಿರಣಿ ಹಂಗ ಸಪ್ಪಳ ಮಾಡ್ತು, ಆಮ್ಯಾಲ ಮಷಿನ್ನೇ ನಿಂತ್ ಹೋಯ್ತು. ಟರ್ಮಿನಲ್‌ದಾಗ (ಕಮಾಂಡ್ ಟೈಪ್ ಮಾಡೋ ಕಿಟಕಿ) ಮಾಡಿದ್ರ ಇಷ್ಟು ತ್ರಾಸ ಇಲ್ಲ ಅಂತ ಸೀನಿಯರ್ ಒಬ್ಬರು ಅಂದ್ರು. ಟಿಸಿಪಿಡಂಪ್, ಟಿಶಾರ್ಕ್, ಝೀಕ್, ಎನ್‌ಗ್ರೆಪ್ ಅಂತ ಹೆಸರಷ್ಟೇ ಗೊತ್ತವ. ವಿಡಿಯೊ ನೋಡೋವಾಗ ಎಲ್ಲಾ ತಿಳ್ದಂಗ ಆಗ್ತದ, ಮುಚ್ಚಿದ್ ಮ್ಯಾಲ ಏನೂ ನೆನಪಿರಂಗಿಲ್ಲ. ದಿನಾ ಒಂದು ತಾಸು ಕೊಡ್ತೀನಿ. ಎಲ್ಲಿಂದ ಹಿಡೀಲಿ?

ಗುಂಡುಸೂಜಿ, ಭಾನುವಾರ ರಾತ್ರಿ 10:31

ಟರ್ಮಿನಲ್ ಹುಚ್ಚು ಬಿಡು ತಮ್ಮಾ, 8 ಜಿಬಿ ರ‍್ಯಾಮ್ ಹಾಕ್ಸು, ಕೆಲಸ ಮುಗೀತು. ಪ್ರಾಕ್ಟೀಸ್ ಬೇಕಂದ್ರ ಹಾಸ್ಟೆಲ್ ವೈಫೈ ಅದ ಅಲ್ಲ, ಒಂದು ರಾತ್ರಿ ಕೂತು ಎಲ್ಲರದೂ ಹಿಡಿ. ಅದಕ್ಕಿಂತ ಚೊಲೋ ಸ್ಯಾಂಪಲ್ ಎಲ್ಲಿ ಸಿಗ್ತದ?

ಲ್ಯಾಬ್‌ಅಕ್ಕೋರು (ಕಲಬುರಗಿ), ಭಾನುವಾರ ರಾತ್ರಿ 10:50

ಗುಂಡುಸೂಜಿಯವರೇ, ಈ ಸಲಹೆ ಕೇಳಿ ಹುಡುಗ ನಾಳೆ ಠಾಣೆ ಮೆಟ್ಟಿಲು ಹತ್ತಿದರೆ ಜಾಮೀನಿಗೆ ನೀವು ಬರುತ್ತೀರಾ? ಮಾಲೀಕರ ಅನುಮತಿ ಇಲ್ಲದೆ ಬೇರೆಯವರ ನೆಟ್‌ವರ್ಕ್‌ಗೆ ಕೈಹಾಕಿ ಡೇಟಾ ತೆಗೆಯುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನೊಳಗೆ ಬರುತ್ತದೆ. ದುರುದ್ದೇಶ ಅಂತಾದರೆ 66ನೇ ಕಲಮು: 3 ವರ್ಷದವರೆಗೆ ಸಜೆ, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ‘ಕಲಿಯೋಕೆ ಮಾಡಿದೆ ಸರ್’ ಅಂದರೆ ಯಾರೂ ಕೇಳುವುದಿಲ್ಲ. ಸ್ವಂತ ಮಷಿನ್, ಸ್ವಂತ ಹಾಟ್‌ಸ್ಪಾಟ್, ಇಲ್ಲವೆ ಬರೆದುಕೊಟ್ಟ ಅನುಮತಿ. ನಾಲ್ಕನೇ ದಾರಿ ಇಲ್ಲ.

ಗುಂಡುಸೂಜಿ, ಭಾನುವಾರ ರಾತ್ರಿ 10:54

ಚಾಷ್ಟಿಗೆ ಅಂದೆ ಅಕ್ಕೋರೇ.

ಭೀಮಾದಂಡೆ (ಯಾದಗಿರಿ), ಸೋಮವಾರ ಬೆಳಿಗ್ಗೆ 6:40

ಉದ್ದ ಬರೆಯುತ್ತೇನೆ. ಚಹಾ ಇಟ್ಟುಕೊಂಡು ಓದು ತಮ್ಮಾ.

ಸಾಧನಗಳ ಪಟ್ಟಿ ಕೇಳಬೇಡ. ಪಟ್ಟಿ ಸಿಕ್ಕವರೆಲ್ಲ ಹತ್ತು ಸಾಧನ ಇನ್‌ಸ್ಟಾಲ್ ಮಾಡಿ ಹತ್ತನ್ನೂ ಮುಟ್ಟದೆ ಬಿಟ್ಟಿದ್ದಾರೆ, ನಾನೂ ಅವರಲ್ಲೊಬ್ಬ. ನನಗೆ ಕೈ ಕುದುರಿದ್ದು ಒಂದು ರೂಢಿಯಿಂದ. ಪ್ಯಾಕೆಟ್ ಹಿಡಿಯುವ ಮುಂಚೆ ನೋಟ್‌ಬುಕ್‌ನಲ್ಲಿ ಒಂದೇ ಒಂದು ಪ್ರಶ್ನೆ ಬರೆಯುತ್ತೇನೆ. ಉತ್ತರ ಏನು ಬರಬಹುದು ಅಂತ ಊಹೆ ಮಾಡಿ ಅದನ್ನೂ ಬರೆಯುತ್ತೇನೆ. ಆಮೇಲೆ ಹಿಡಿಯುವುದು. ಊಹೆ ಎಲ್ಲಿ ತಪ್ಪಿತೋ ಅಲ್ಲೇ ಕೂಡುವುದು.

ನಿನ್ನ ಮೊದಲ ಪ್ರಶ್ನೆ ಇದಿರಲಿ: ನಾನು ಸುಮ್ಮನೆ ಕೂತಾಗ ನನ್ನ ಲ್ಯಾಪ್‌ಟಾಪ್ ಯಾರ ಜೊತೆ ಮಾತಾಡುತ್ತದೆ? ಬ್ರೌಸರ್ ಮುಚ್ಚು. ಸೂಡೊ ಹಾಕಿ (ರೂಟ್, ಅಂದರೆ ಮಷಿನ್ ಒಡೆಯನ ಪೂರ್ತಿ ಹಕ್ಕಿನಲ್ಲಿ) ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಓಡಿಸು. ಐ ಆಪ್ಷನ್‌ಗೆ ನಿನ್ನ ವೈಫೈ ಇಂಟರ್‌ಫೇಸ್ ಹೆಸರು, ಡಬ್ಲ್ಯೂ ಆಪ್ಷನ್‌ಗೆ ಫೈಲ್ ಹೆಸರು. ಅರ್ಧ ತಾಸು ಬಿಟ್ಟು ಕಂಟ್ರೋಲ್ ಸಿ ಒತ್ತು. ಕೊನೆಗೆ ಮೂರು ಸಾಲು ಬರುತ್ತವೆ: ಹಿಡಿದವು ಎಷ್ಟು, ಫಿಲ್ಟರಿಗೆ ಬಂದವು ಎಷ್ಟು, ಕರ್ನಲ್ (ಉಬುಂಟುವಿನ ತಿರುಳು) ಕೈಬಿಟ್ಟವು ಎಷ್ಟು. ಮೂರನೇ ಸಾಲನ್ನು ಯಾರೂ ಓದುವುದಿಲ್ಲ. ಅದು ಸೊನ್ನೆ ಇಲ್ಲದಿದ್ದರೆ ಫೈಲ್‌ನಲ್ಲಿ ತೂತುಗಳಿವೆ ಅಂತ ಅರ್ಥ. ಆಗ ‘ಇಂಥದ್ದು ನಡೆದೇ ಇಲ್ಲ’ ಅಂತ ನೀನು ಹೇಳುವ ಹಾಗಿಲ್ಲ.

ಹಿಡಿದ ಕೂಡಲೇ ಎಸ್‌ಹೆಚ್‌ಎ256ಸಮ್ ಓಡಿಸಿ ಬಂದ ಸಂಖ್ಯೆ ಬರೆದಿಡು. ಅದೇ ಹ್ಯಾಶ್, ಫೈಲ್‌ನ ಬೆರಳಚ್ಚು; ಫೈಲ್ ಚೂರು ಬದಲಾದರೂ ಅದು ಬದಲಾಗುತ್ತದೆ. ಫೈಲ್‌ನ ನಕಲು ಮಾಡು, ಮೂಲಕ್ಕೆ ಬರೆಯುವ ಹಕ್ಕು ತೆಗೆ, ನಕಲಿನ ಮೇಲೆ ಕೆಲಸ ಮಾಡು. ನಿನ್ನದೇ ಲ್ಯಾಪ್‌ಟಾಪ್ ಆದರೂ ಹೀಗೇ ಮಾಡು. ಇವತ್ತು ಬಿಟ್ಟದ್ದನ್ನು ಕೇಸ್ ಬಂದ ದಿನ ಕೈ ನೆನಪಿಡುವುದಿಲ್ಲ. ಇನ್ನೊಂದು, ರೂಟ್ ಹಕ್ಕು ಬೇಕಾಗುವುದು ಹಿಡಿಯುವಾಗ ಮಾತ್ರ. ಓದುವಾಗ ಸೂಡೊ ಹಾಕಬೇಡ. ಬೇರೆಯವರು ಕೊಟ್ಟ ಫೈಲ್ ಅನ್ನು ರೂಟ್ ಆಗಿ ತೆರೆಯುವುದು ಅಂದರೆ ಯಾರೋ ಕೊಟ್ಟ ಗಂಟನ್ನು ದೇವರ ಕೋಣೆಯಲ್ಲಿ ಬಿಚ್ಚಿದ ಹಾಗೆ.

ಓದುವಾಗ ಮೊದಲು ಕ್ಯಾಪ್‌ಇನ್‌ಫೋಸ್. ವೈರ್‌ಶಾರ್ಕ್ ಬಳಗದ್ದೇ ಸಣ್ಣ ಸಾಧನ. ಎಷ್ಟು ಪ್ಯಾಕೆಟ್, ಮೊದಲನೆಯದು ಯಾವಾಗ, ಕೊನೆಯದು ಯಾವಾಗ ಅಂತ ಹೇಳುತ್ತದೆ. ಆಮೇಲೆ ಟಿಶಾರ್ಕ್‌ನ (ವೈರ್‌ಶಾರ್ಕ್‌ನ ಟರ್ಮಿನಲ್ ರೂಪ) ಝಡ್ ಆಪ್ಷನ್‌ನಲ್ಲಿ ಸಂಭಾಷಣೆಗಳ ಲೆಕ್ಕ ತೆಗೆಸು. ಯಾರು ಯಾರಿಗೆ ಎಷ್ಟು ಬೈಟ್ ಕಳಿಸಿದರು ಅಂತ ಒಂದು ಪುಟದಲ್ಲಿ ಬರುತ್ತದೆ. ಆಮೇಲೆ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಪ್ರಶ್ನೆಗಳ ಹೆಸರುಗಳನ್ನು ಮಾತ್ರ ಸಾಲಾಗಿ ಉಗುಳಿಸಿ ಸಾರ್ಟ್, ಯೂನಿಕ್ ಸಿ, ಮತ್ತೆ ಸಾರ್ಟ್ ಎನ್‌ಆರ್ ಅಂತ ಪೈಪ್ ಹಾಕು, ಅಂದರೆ ಒಂದರ ಉತ್ತರವನ್ನು ಇನ್ನೊಂದಕ್ಕೆ ಹರಿಸು. ಅರ್ಧ ಫೋರೆನ್ಸಿಕ್ಸ್ ಈ ಮೂರು ಪೈಪ್‌ನಲ್ಲೇ ನಡೆಯುತ್ತದೆ. ಉಳಿದರ್ಧ ಆಕ್‌ನಲ್ಲಿ, ಅದು ಸಾಲುಗಳಿಂದ ಬೇಕಾದ ಕಾಲಂ ತೆಗೆದು ಲೆಕ್ಕ ಹಾಕುವ ಸಾಧನ.

ನಿನ್ನ 900 ಎಂಬಿ ಫೈಲ್‌ಗೆ ಬರೋಣ. ತೊಗರಿ ರಾಶಿ ಹಸನು ಮಾಡುವಾಗ ಇಡೀ ರಾಶಿಯನ್ನು ಮೊರಕ್ಕೆ ಸುರಿಯುತ್ತಾರೇನು? ವೈರ್‌ಶಾರ್ಕ್ ಇಡೀ ಫೈಲ್‌ನ ಲೆಕ್ಕವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡು ಕೂಡುತ್ತದೆ, ಅದಕ್ಕೇ ನಿನ್ನ ಮಷಿನ್ ಕೈಚೆಲ್ಲಿತು. ಟಿಶಾರ್ಕ್ ಕೂಡ ಓದುತ್ತ ಓದುತ್ತ ನೆನಪು ಬೆಳೆಸಿಕೊಳ್ಳುತ್ತದೆ, ಅದರ ಮೇಲೂ ಪೂರ್ತಿ ಭರವಸೆ ಬೇಡ. ಟಿಸಿಪಿಡಂಪ್ ಹಾಗಲ್ಲ. ಒಂದು ಪ್ಯಾಕೆಟ್ ಓದುತ್ತದೆ, ಬೇಕಾದರೆ ಇಟ್ಟುಕೊಳ್ಳುತ್ತದೆ, ಬೇಡವಾದರೆ ಬಿಸಾಡುತ್ತದೆ. ಆರ್ ಆಪ್ಷನ್‌ನಲ್ಲಿ ದೊಡ್ಡ ಫೈಲ್ ಓದಿಸಿ, ಪೋರ್ಟ್ 53 (ಡಿಎನ್‌ಎಸ್‌ನ ಬಾಗಿಲು) ಅಂತ ಫಿಲ್ಟರ್ ಕೊಟ್ಟು, ಡಬ್ಲ್ಯೂ ಆಪ್ಷನ್‌ನಲ್ಲಿ ಸಣ್ಣ ಫೈಲ್ ಬರೆಸು. 900 ಎಂಬಿಯಿಂದ ಡಿಎನ್‌ಎಸ್ ಮಾತ್ರ ತೆಗೆದರೆ ಅದರ ಒಂದು ಚೂರು ಉಳಿದೀತು. ಎಲ್ಲವೂ ಬೇಕೇ ಬೇಕು ಅಂದರೆ ಎಡಿಟ್‌ಕ್ಯಾಪ್‌ನಲ್ಲಿ 2 ಲಕ್ಷ ಪ್ಯಾಕೆಟ್‌ಗೊಂದು ತುಂಡು ಮಾಡು.

ಅಂದಹಾಗೆ ಈ ಟಿಸಿಪಿಡಂಪ್ 1988ರದ್ದು. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ವ್ಯಾನ್ ಜೇಕಬ್ಸನ್ ಮತ್ತು ಜೊತೆಗಾರರು ಬರೆದದ್ದು. ಅವರಲ್ಲೊಬ್ಬ ವರ್ನ್ ಪ್ಯಾಕ್ಸನ್. ನೀನು ಹೇಳಿದ ಝೀಕ್ (ಪ್ಯಾಕೆಟ್ ಓದಿ ಲಾಗ್ ಬರೆಯುವ ಸಾಧನ) ಕೂಡ ಅದೇ ಮನುಷ್ಯನ ಕೈಯದು. 1995ರಿಂದ ಅದರ ಹೆಸರು ಬ್ರೊ ಅಂತಿತ್ತು, 2018ರಲ್ಲಿ ಝೀಕ್ ಆಯಿತು. ವೈರ್‌ಶಾರ್ಕ್ ಅವೆರಡಕ್ಕೂ ಕಿರಿಯ. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಈಥೀರಿಯಲ್ ಅಂತ ಹೊರತಂದ, 2006ರಲ್ಲಿ ಈಗಿನ ಹೆಸರು ಬಂತು. ಹಳೇ ಸಾಧನಗಳು ಹುಟ್ಟಿದ್ದೇ ನಿನ್ನ ಲ್ಯಾಪ್‌ಟಾಪ್‌ಗಿಂತ ಬಡ ಮಷಿನ್‌ಗಳ ಮೇಲೆ. ರ‍್ಯಾಮ್ ಕಡಿಮೆ ಅಂತ ಅಳಬೇಡ.

ಕೋಟೆಬಾಗಿಲು (ಬೀದರ್), ಸೋಮವಾರ ಬೆಳಿಗ್ಗೆ 9:05

ಭೀಮಾದಂಡೆ ಅಣ್ಣೋರು ಹೇಳಿದ್ದಕ್ಕ ಒಂದು ಮಾತು ಕೂಡಿಸ್ತೀನಿ. ಹೊಸ ಹುಡುಗರು ಸ್ವಿಚ್‌ಗೆ (ಮಷಿನ್‌ಗಳನ್ನ ಕೂಡಿಸೋ ನೆಟ್‌ವರ್ಕ್ ಪೆಟ್ಟಿಗಿ) ಕೇಬಲ್ ಚುಚ್ಚಿ, ‘ಇಡೀ ಆಫೀಸ್ ಟ್ರಾಫಿಕ್ ಬರ್ಲತ್ತದ’ ಅಂತ ತಿಳ್ಕೊಂಡ್ ಬಿಡ್ತಾರ. ಬರಂಗಿಲ್ಲ. ನಮ್ಮ ಬೀದರ್‌ದಾಗ ನೌಬಾದ್ ಕಡೆ ಬಹಮನಿ ಕಾಲದ ಕರೇಜ್ ಅದ, ಸುರಂಗ ಬಾವಿ ಅಂತೀವಿ. ನೆಲದ ಕೆಳಗ ನೀರಿನ ಕಾಲುವೆ, ಮ್ಯಾಲ ಅಲ್ಲಲ್ಲಿ ಇಣುಕೋ ಬಾವಿ. ನೀ ಒಂದು ಬಾವಿ ಬಾಯಿಗಿ ನಿಂತು ಬಗ್ಗಿದ್ರ ಆ ಬಾವಿ ಕೆಳಗಿನ ನೀರಷ್ಟೇ ಕಾಣ್ತದ. ಸ್ವಿಚ್ ಹಂಗೇ. ನಿನ್ನ ಪೋರ್ಟಿಗಿ ನಿನ್ನ ಪ್ಯಾಕೆಟ್, ಮತ್ತ ಎಲ್ಲರಿಗೂ ಹೋಗೋ ಬ್ರಾಡ್‌ಕಾಸ್ಟ್. ಬ್ಯಾರೇದು ಬೇಕಂದ್ರ ಸ್ವಿಚ್‌ದಾಗ ಪೋರ್ಟ್ ಮಿರರಿಂಗ್ (ಬ್ಯಾರೆ ಪೋರ್ಟಿನ ಪ್ಯಾಕೆಟ್‌ನ ನಕಲು ಕಳ್ಸೋದು) ಹಚ್ಬೇಕು, ಅದಕ್ಕ ಸ್ವಿಚ್ ಮಾಲೀಕ ಒಪ್ಪಬೇಕು. ಯಾವ ಫೈಲ್ ಕೈಗಿ ಬಂದ್ರೂ ಮೊದಲ ಕೇಳೋದು ಇದೇ: ಇದನ್ನ ಯಾವ ಬಾವಿ ಬಾಯಾಗ ನಿಂತು ಹಿಡಿದಾರ?

ತೊಗರಿಕಣಜ, ಮಂಗಳವಾರ ರಾತ್ರಿ 9:48

ಅಣ್ಣೋರೇ, ಮಾಡ್ದೆ! ಊಹೆ ಬರ್ದಿದ್ದೆ: ‘ಏನೂ ಮಾಡ್ಲಿಲ್ಲಂದ್ರ ಏನೂ ಹೋಗಂಗಿಲ್ಲ’. ಪೂರಾ ತಪ್ಪು. ಅರ್ಧ ತಾಸಿನಾಗ 1,900 ಚಿಲ್ಲರೆ ಪ್ಯಾಕೆಟ್.

ಆದ್ರ ಅಂಜಿಕಿ ಆಗ್ಲಾಕತ್ತದ. ಫೈಲ್ ಬರೀಲಾಕತ್ತಿದ್ದಾಗ ಇನ್ನೊಂದು ಟರ್ಮಿನಲ್‌ದಾಗ ಟಿಸಿಪಿಡಂಪ್ ಸುಮ್ನ ಪರದೆ ಮ್ಯಾಲ ಓಡಿಸಿ ನೋಡ್ಕೋತ ಕೂತಿದ್ದೆ. ಫೈಲ್‌ದಾಗ ನೋಡಿದ್ರ ನನ್ನ ಮಷಿನ್ ಡಿಎನ್‌ಎಸ್‌ಗ ಉಲ್ಟಾ ಪ್ರಶ್ನೆ ಕೇಳ್ಲಾಕತ್ತದ. ಐಪಿ ಅಂಕಿ ತಿರುವಿ ಬರ್ದು ಕೊನೀಗಿ ‘ಇನ್-ಅಡ್ಡರ್.ಆರ್ಪಾ’ ಅಂತ. ಹೊಸಾ ಐಪಿ ಕಂಡಾಗೆಲ್ಲ ಒಂದೊಂದು. ನಾ ಯಾವ ಪ್ರೋಗ್ರಾಮೂ ಹಚ್ಚಿಲ್ಲ. ವೈರಸ್ ಏನ್ರಿ?

ಭೀಮಾದಂಡೆ, ಮಂಗಳವಾರ ರಾತ್ರಿ 10:02

ವೈರಸ್ ನೀನೇ.

ಪರದೆ ಮೇಲೆ ಓಡಿಸಿದ ಆ ಎರಡನೇ ಟಿಸಿಪಿಡಂಪ್‌ಗೆ ಎನ್ ಆಪ್ಷನ್ ಹಾಕಿಲ್ಲ ಅಲ್ಲವೇ? ಎನ್ ಇಲ್ಲದಿದ್ದರೆ ಅದು ಪ್ರತಿ ಐಪಿಯ ಹೆಸರು ತೋರಿಸೋಕೆ ಹೋಗಿ ಡಿಎನ್‌ಎಸ್ ಸರ್ವರ್ ಅನ್ನು ಕೇಳುತ್ತದೆ. ಆ ಪ್ರಶ್ನೆಯೂ ಪ್ಯಾಕೆಟ್ಟೇ, ಅದೂ ನಿನ್ನ ಫೈಲ್‌ನಲ್ಲಿ ಬಂದು ಕೂತಿದೆ. ಕಳ್ಳನನ್ನು ಹುಡುಕುತ್ತ ಹೋದವನು ತನ್ನ ಹೆಜ್ಜೆ ಗುರುತನ್ನೇ ಅಳತೆ ಮಾಡಿದ ಹಾಗಾಯಿತು.

ನಗಬೇಡ, ಇದು ಸಣ್ಣ ವಿಷಯ ಅಲ್ಲ. ದುಷ್ಟರ ಸರ್ವರ್ ಐಪಿ ಇರುವ ಫೈಲ್ ಅನ್ನು ಎನ್ ಇಲ್ಲದೆ ಓದಿದರೆ ನಿನ್ನ ಮಷಿನ್ ಆ ಐಪಿ ಬಗ್ಗೆ ಹೊರಗಡೆ ವಿಚಾರಿಸುತ್ತದೆ. ಆ ವಲಯದ ಡಿಎನ್‌ಎಸ್ ಅವರ ಕೈಯಲ್ಲೇ ಇದ್ದರೆ, ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅಂತ ಅವರಿಗೆ ಸುಳಿವು ಸಿಗಬಹುದು. ಎನ್ ಹಾಕುವುದನ್ನು ಬೆರಳಿಗೇ ರೂಢಿ ಮಾಡು.

ತೊಗರಿಕಣಜ, ಮಂಗಳವಾರ ರಾತ್ರಿ 10:09

ಯಪ್ಪಾ. ಹೌದ್ರೀ, ಹಾಕಿರ್ಲಿಲ್ಲ. ಇನ್ನೊಂದು ಕೇಳ್ತೀನಿ. ಯೂನಿಕ್ ಸಿ ಹಾಕಿದ್ರ ಒಂದೇ ಹೆಸರು ನಾಕು ಕಡೆ ಬರ್ಲಾಕತ್ತದ, ಲೆಕ್ಕ ಕೂಡವಲ್ದು.

ಕೋಟೆಬಾಗಿಲು, ಮಂಗಳವಾರ ರಾತ್ರಿ 10:11

ಮೊದಲ ಸಾರ್ಟ್ ಮಾಡಿಲ್ಲ ನೀ. ಯೂನಿಕ್ ಪಕ್ಕಪಕ್ಕ ಇದ್ದ ಸಾಲಷ್ಟೇ ಕೂಡಿಸ್ತದ.

ತೊಗರಿಕಣಜ, ಬುಧವಾರ ರಾತ್ರಿ 11:20

ಇವತ್ತಿನ ಪ್ರಶ್ನೆ ನಾನೇ ಮಾಡ್ಕೊಂಡೆ: ‘ಗಡಿಯಾರ ಹಿಡ್ದಂಗ ಮತ್ತ ಮತ್ತ ಹೋಗೋದು ಏನರೆ ಅದ ಏನು?’ ಎರಡು ತಾಸು ಹಿಡ್ದೆ. ಟಿಸಿಪಿಡಂಪ್‌ದಾಗ ಸಿನ್ ಪ್ಯಾಕೆಟ್ (ಸಂಪರ್ಕ ಶುರು ಮಾಡೋ ಮೊದಲ ಪ್ಯಾಕೆಟ್) ಅಷ್ಟೇ ಬರೂ ಹಂಗ ಫಿಲ್ಟರ್ ಹಾಕಿ (13ನೇ ಬೈಟ್ 2ಕ್ಕ ಸಮ ಅಂತ), ಟಿಟಿ ಆಪ್ಷನ್‌ದಾಗ ಸಮಯ ಸೆಕೆಂಡ್ ಲೆಕ್ಕದಾಗ ತಗೊಂಡು, ಆಕ್‌ದಾಗ ಹಿಂದಿಂದು ಕಳ್ದೆ. ಒಂದು ಕಡೆ 300, 300, 300 ಅಂತ ಬರ್ಲಾಕತ್ತದ! ಐದು ನಿಮಿಷಕ್ಕೊಮ್ಮೆ, ಪೋರ್ಟ್ 80. ಮಾಲ್ವೇರ್ ತನ್ನ ಒಡೆಯನಿಗಿ ಮತ್ತ ಮತ್ತ ಸುದ್ದಿ ಕಳ್ಸೋ ಬೀಕನ್ ಅಂದ್ರ ಇದೇ ಅಲ್ಲ? ಈ ಸಲ ನಾ ಅಲ್ಲ, ಎನ್ ಹಾಕೀನಿ.

ಲ್ಯಾಬ್‌ಅಕ್ಕೋರು, ಗುರುವಾರ ಬೆಳಿಗ್ಗೆ 7:15

ಆಕ್‌ನಲ್ಲಿ ಕಳೆದು ನೋಡಿದೆಯಲ್ಲ, ಅದಕ್ಕೆ ಮೊದಲು ಶಭಾಷ್. ನಮ್ಮ ಕೊನೆ ವರ್ಷದ ಹುಡುಗರು ಅಷ್ಟು ದೂರ ಬರುವುದು ಅಪರೂಪ.

ಈಗ ಎರಡನೇ ಹೆಜ್ಜೆ. ಆ ಸಂಪರ್ಕಕ್ಕೆ ಸ್ವಲ್ಪ ಮುಂಚೆ ಯಾವ ಹೆಸರನ್ನು ಡಿಎನ್‌ಎಸ್‌ನಲ್ಲಿ ಕೇಳಿದೆ ನೋಡು. ಪೋರ್ಟ್ 80 ಅಂದರೆ ಗೂಢಲಿಪಿ ಇಲ್ಲ, ಹೋಸ್ಟ್ ಹೆಸರೂ ಒಳಗೇ ಕಾಣುತ್ತದೆ. ನನ್ನ ಊಹೆ: ಉಬುಂಟುವಿನ ‘ಕನೆಕ್ಟಿವಿಟಿ ಚೆಕ್’ ಅಂತ ಬರುತ್ತದೆ. ಇಂಟರ್‌ನೆಟ್ ಇದೆಯೋ ಇಲ್ಲವೋ ಅಂತ ನೆಟ್‌ವರ್ಕ್ ಮ್ಯಾನೇಜರ್ 300 ಸೆಕೆಂಡಿಗೊಮ್ಮೆ ಹೋಗಿ ನೋಡಿ ಬರುತ್ತದೆ. ಗಡಿಯಾರದ ಹಾಗೆ ನಡೆಯುವುದೆಲ್ಲ ಮಾಲ್ವೇರ್ ಆಗಿದ್ದರೆ ನಮ್ಮ ಹಾಲಿನವನನ್ನೂ ಹಿಡಿದು ಒಳಗೆ ಹಾಕಬೇಕಾಗುತ್ತಿತ್ತು.

ಸಹಜ ಏನು ಅಂತ ನಿನ್ನ ಮಷಿನ್‌ನಲ್ಲಿ ಗೊತ್ತಾದ ಮೇಲೆ ಅಸಹಜದ ಫೈಲ್‌ಗಳಿಗೆ ಹೋಗು. ಬ್ರಾಡ್ ಡಂಕನ್ ಎಂಬವರು 2013ರಿಂದ ನಡೆಸುತ್ತಿರುವ ಮಾಲ್ವೇರ್ ಟ್ರಾಫಿಕ್ ಅನಾಲಿಸಿಸ್ ತಾಣದಲ್ಲಿ ನಿಜವಾದ ಸೋಂಕಿನ ಕ್ಯಾಪ್ಚರ್‌ಗಳೂ ಪ್ರಶ್ನೆ, ಉತ್ತರಗಳೂ ಇವೆ. ಜಿಪ್‌ಗೆ ಪಾಸ್‌ವರ್ಡ್ ಇರುತ್ತದೆ, ಅದರ ಬಗ್ಗೆ ಅಲ್ಲಿನ ಪರಿಚಯ ಪುಟ ಓದು. ಫೈಲ್‌ನೊಳಗಿನ ಮಾಲ್ವೇರ್ ನಿಜವಾದ್ದೇ. ಅದನ್ನು ಹೊರತೆಗೆದು ಅಪ್ಪನ ವಿಂಡೋಸ್ ಮಷಿನ್‌ಗೆ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಡ. ಶೆಲ್ಲೇ (ಟರ್ಮಿನಲ್ ಕಮಾಂಡ್‌ಗಳೇ) ತೊಡಕಾಗುತ್ತಿದ್ದರೆ ಓವರ್ ದಿ ವೈರ್ ತಾಣದ ಬ್ಯಾಂಡಿಟ್ ಆಟ ಆಡು. ಎಸ್‌ಎಸ್‌ಹೆಚ್‌ನಲ್ಲಿ (ಟರ್ಮಿನಲ್‌ನಿಂದ ದೂರದ ಮಷಿನ್‌ಗೆ ಲಾಗಿನ್ ಆಗುವ ದಾರಿ) 2220ನೇ ಪೋರ್ಟಿಗೆ ಹೋಗಬೇಕು, ಡೇಟಾ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಗ್ರೆಪ್, ಸಾರ್ಟ್, ಫೈಂಡ್ ಎಲ್ಲ ಅಲ್ಲೇ ಕೈಗೆ ಬರುತ್ತವೆ.

ತೊಗರಿಕಣಜ, ಗುರುವಾರ ಮಧ್ಯಾಹ್ನ 1:33

ಅಕ್ಕೋರೇ, ಅದೇ ಹೆಸರು. ಹಾಲಿನವಂದೇ ಖರೆ.

ಗುಂಡುಸೂಜಿ, ಗುರುವಾರ ಮಧ್ಯಾಹ್ನ 2:10

ಈಗ ಎಲ್ಲಾ ಹೆಚ್‌ಟಿಟಿಪಿಎಸ್ ಅದ. ಪ್ಯಾಕೆಟ್ ಹಿಡ್ದು ಏನ್ ಮಾಡ್ತೀರಿ? ಒಳಗ ಏನೂ ಕಾಣಂಗಿಲ್ಲ. ಇದು ಖರೇನೇ ಕೇಳ್ಲಾಕತ್ತೀನಿ, ಚಾಷ್ಟಿ ಅಲ್ಲ.

ಭೀಮಾದಂಡೆ, ಗುರುವಾರ ಮಧ್ಯಾಹ್ನ 2:41

ಕೇಳಬೇಕಾದ ಪ್ರಶ್ನೆಯೇ. ಪತ್ರ ಲಕೋಟೆಯೊಳಗಿದ್ದರೂ ಅಂಚೆ ಮುದ್ರೆ, ವಿಳಾಸ, ತೂಕ ಹೊರಗೇ ಇರುತ್ತವೆ. ಟಿಎಲ್‌ಎಸ್‌ನಲ್ಲಿ (ಹೆಚ್‌ಟಿಟಿಪಿಎಸ್‌ನ ಗೂಢಲಿಪಿ ಪದರ) ಮೊದಲ ‘ಕ್ಲೈಂಟ್ ಹಲೋ’ದಲ್ಲಿ ಯಾವ ತಾಣ ಬೇಕು ಅನ್ನುವ ಹೆಸರು ಹೆಚ್ಚಿನ ಸಲ ಬಿಚ್ಚಾಗೇ ಹೋಗುತ್ತದೆ. ಟಿಎಲ್‌ಎಸ್ 1.3ರಲ್ಲಿ ಸರ್ವರ್‌ನ ಪ್ರಮಾಣಪತ್ರ ಮುಚ್ಚಿದರೂ ಆ ಹೆಸರು ಮಾತ್ರ ಇನ್ನೂ ಬಹಳ ಕಡೆ ಕಾಣುತ್ತದೆ. ಯಾವಾಗ, ಯಾರಿಗೆ, ಎಷ್ಟು ಬೈಟ್, ಎಷ್ಟು ಹೊತ್ತು? ರಾತ್ರಿ 2 ಗಂಟೆಗೆ ಲೆಕ್ಕಪತ್ರದ ಮಷಿನ್‌ನಿಂದ 4 ಜಿಬಿ ಹೊರಗೆ ಹೋಗಿದ್ದರೆ ಒಳಗೇನಿತ್ತು ಅಂತ ಓದದೆಯೂ ಮಾಲೀಕರನ್ನು ಎಬ್ಬಿಸಬಹುದು. ನಿನ್ನ ಸ್ವಂತ ಬ್ರೌಸರ್‌ನದು ಬಿಚ್ಚಿ ನೋಡಬೇಕಾದರೆ ಎಸ್‌ಎಸ್‌ಎಲ್‌ಕೀಲಾಗ್‌ಫೈಲ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇಡು, ಕೀಲಿಗಳು ಒಂದು ಫೈಲ್‌ಗೆ ಬೀಳುತ್ತವೆ, ಟಿಶಾರ್ಕ್‌ಗೆ ಅದನ್ನು ಕೊಡು.

ತೊಗರಿಕಣಜ, ಶನಿವಾರ ಸಂಜೆ 5:26

ಒಂದು ಖರೇ ಕೇಸ್ ಸಿಕ್ಕದ! ಇವತ್ತು ನಮ್ಮ ಕಾಲೇಜ್ ಲ್ಯಾಬ್‌ದಾಗ ಅರ್ಧ ಮಷಿನ್‌ಗಳಿಗೆ ನೆಟ್ ಬರವಲ್ದು, ಅರ್ಧಕ್ಕ ಬರ್ಲಾಕತ್ತದ. ಸರ್ ಅವರು ಸ್ವಿಚ್ ಆಫ್ ಆನ್ ಮಾಡಿದ್ರು. ಆಮ್ಯಾಲ ಇನ್ನೂ ಜಾಸ್ತಿ ಮಷಿನ್‌ಗಳು ಹೋದ್ವು. ಬೆಳಿಗ್ಗೆ ಹತ್ತರ ಸುಮಾರಿಗಿ ನಾ ಕೇಳ್ದೆ, ‘ಸರ್, ಒಂದು ಮಷಿನ್ ಮ್ಯಾಲ ಟಿಸಿಪಿಡಂಪ್ ಹಚ್ಲೇನು?’ ಸರ್ ಅಂದ್ರು ಹಚ್ಚು. ಅಕ್ಕೋರು ಹೇಳಿದ್ದು ನೆನಪಿತ್ತು, ಒಂದು ಚೀಟಿ ಮ್ಯಾಲ ಬರೆಸಿ ಸಹಿ ಹಾಕ್ಸ್ಕೊಂಡೆ. ಸರ್ ನಕ್ಕೋತನೇ ಹಾಕಿದ್ರು.

ಹೋದ ಮಷಿನ್‌ದು ಐಪಿ ನೋಡ್ದೆ: 192.168.0ದಿಂದ ಶುರು. ನಮ್ಮ ಲ್ಯಾಬ್‌ದು 10ರಿಂದ ಶುರು ಆಗೋದು. ಊಹೆ ಬರ್ದೆ: ‘ಐಪಿ ಹಂಚೋರು ಇಬ್ಬರಿದ್ದಾರ’. ಯುಡಿಪಿ ಪೋರ್ಟ್ 67, 68 (ಐಪಿ ಹಂಚೋ ಡಿಹೆಚ್‌ಸಿಪಿದು) ಫಿಲ್ಟರ್ ಹಾಕಿ, ಫೈಲ್‌ಗೆ ಬರೆಸಿ, ಕೇಬಲ್ ತೆಗ್ದು ಮತ್ತ ಹಾಕ್ದೆ. ಎನ್, ಇ, ವಿ ಮೂರೂ ಆಪ್ಷನ್ ಹಾಕಿ ಓದ್ದೆ. ಮಷಿನ್ ಒಂದು ಡಿಸ್ಕವರ್ (‘ನನಗ ಐಪಿ ಕೊಡೋರು ಯಾರು?’) ಒದರ್ತದ. ಮೊದ್ಲು ಒಂದು ಆಫರ್ ಬರ್ತದ, ಸರ್ವರ್ ಐಡಿ 192.168.0.1. ಸುಮಾರು ಒಂದು ಸೆಕೆಂಡ್ ತಡ ಮಾಡಿ ಇನ್ನೊಂದು ಆಫರ್, ಇದು ನಮ್ಮ ಖರೇ ಸರ್ವರ್. ಅಷ್ಟ್ರಾಗ ಮಷಿನ್ ಮೊದಲಿಂದಕ್ಕ ಹೂಂ ಅಂದ್ಬಿಟ್ಟದ. ಹಿಂಗ ಕಣ್ಣಾರೆ ಕಂಡಾಗ ಮೈ ಝುಂ ಅಂತು ನೋಡ್ರಿ.

ಎರಡು ಅನುಮಾನ. ಕಳ್ಳ ಯಾಕ ಯಾವಾಗ್ಲೂ ಗೆಲ್ತಾನ? ಮತ್ತ ಎಲ್ಲಾ ಮಷಿನ್ ಯಾಕ ಒಮ್ಮೆಗೇ ಹೋಗ್ಲಿಲ್ಲ? ಫೈಲ್ ಕೆಳಗ ಹಚ್ಚೀನಿ, ನೀವೂ ನೋಡ್ರಿ.

ನಿರ್ವಾಹಕ, ಶನಿವಾರ ಸಂಜೆ 5:34

ಫೈಲ್ ತೆಗೆದಿದ್ದೇನೆ. ಡಿಹೆಚ್‌ಸಿಪಿ ಕೋರಿಕೆಯಲ್ಲಿ 12ನೇ ಆಪ್ಷನ್ ಅಂದರೆ ಮಷಿನ್ ಹೆಸರು. ನಿನ್ನ ಫೈಲ್‌ನಲ್ಲಿ ಮೂರು ಲ್ಯಾಪ್‌ಟಾಪ್‌ಗಳಿಗೆ ಹುಡುಗಿಯರ ಪೂರ್ತಿ ಹೆಸರೇ ಇದೆ. ಮ್ಯಾಕ್ ವಿಳಾಸಗಳೂ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಇವೆ. ಸರ್ ಸಹಿ ಮಾಡಿದ್ದು ಹಿಡಿಯೋಕೆ, ಊರಿಗೆ ಹಂಚೋಕೆ ಅಲ್ಲ. ಬೇಕಾದ ಸಾಲುಗಳನ್ನು ಮಾತ್ರ ಹೆಸರು ಅಳಿಸಿ ಬರೆ.

ತೊಗರಿಕಣಜ, ಶನಿವಾರ ಸಂಜೆ 5:41

ತಪ್ಪಾಯ್ತ್ರಿ. ಲಕ್ಷ್ಯಕ್ಕೇ ಬರ್ಲಿಲ್ಲ.

ಕೋಟೆಬಾಗಿಲು, ಶನಿವಾರ ಸಂಜೆ 6:20

ನಿನ್ನ ಎರಡೂ ಅನುಮಾನ ಚೊಲೋ ಅವ.

ಕಳ್ಳ ಯಾಕ ಗೆಲ್ತಾನಂದ್ರ, ಅವನಿಗಿ ಜವಾಬ್ದಾರಿ ಇಲ್ಲ. ದೊಡ್ಡ ಡಿಹೆಚ್‌ಸಿಪಿ ಸರ್ವರ್‌ಗಳಾಗ ಕೆಲವು, ಐಪಿ ಕೊಡೋಕ ಮುಂಚೆ ‘ಇದು ಬ್ಯಾರೆ ಯಾರ ಬಲ್ಲಿ ಅದ ಏನು’ ಅಂತ ಒಂದು ಪಿಂಗ್ ಒಗ್ದು, ಉತ್ತರಕ್ಕ ಒಂದು ಸೆಕೆಂಡ್ ಕಾದು ಆಮ್ಯಾಲ ಕೊಡ್ತಾವ. ನೀ ಕಂಡಿದ್ದು ಅದೇ ಇರಬೇಕು. ಮನಿ ರೂಟರ್ ಅಷ್ಟೆಲ್ಲ ವಿಚಾರ ಮಾಡಂಗಿಲ್ಲ, ಕೇಳಿದ ಕೂಡ್ಲೇ ಎತ್ತಿ ಕೊಡ್ತದ.

ಅರ್ಧ ಮಷಿನ್ ಯಾಕ ಉಳಿದ್ವು? ಬಾಡಿಗಿ ಕರಾರು ಇನ್ನ ಮುಗ್ದಿಲ್ಲ. ಲೀಸ್ ಅರ್ಧ ಕಳ್ದಾಗ ಮಷಿನ್ ತನ್ನ ಹಳೇ ಸರ್ವರ್‌ಗೇ ನೇರ ಹೋಗಿ ನವೀಕರಣ ಕೇಳ್ತದ, ಊರಿಗೆಲ್ಲ ಒದರಂಗಿಲ್ಲ. ಅದಕ್ಕೇ ಅವು ಕಳ್ಳನ ಕೈಗಿ ಸಿಗ್ಲಿಲ್ಲ. ಸ್ವಿಚ್ ಆಫ್ ಆನ್ ಮಾಡಿದಾಗ ಎಲ್ಲರ ಕೇಬಲ್ ಕಡ್ದು ಮತ್ತ ಕೂಡಿದಂಗ ಆಯ್ತು, ಮತ್ತ ವಿಚಾರಿಸ್ಲಾಕ ಹೋದ್ವು, ಒಂದಿಷ್ಟು ಸಿಕ್ಕಿಬಿದ್ವು. ಸರ್ ಮಾಡಿದ್ದು ಬೆಂಕಿಗಿ ಗಾಳಿ ಹಾಕಿದಂಗ ಆಯ್ತು. ಇದು ಅವರ ಮುಂದ ಹೇಳಬ್ಯಾಡ.

ಈಗ 192.168.0.1ರ ಮ್ಯಾಕ್ ವಿಳಾಸ ನೋಡು. ಮೊದಲ ಮೂರು ಬೈಟ್ ತಯಾರಕರದು. ಎರಡನೇ ಅಕ್ಷರ 2, 6, ಎ, ಇ ಇದ್ರ ಹೆಚ್ಚಾಗಿ ಮೊಬೈಲ್ ತಾನೇ ಕಟ್ಟಿಕೊಂಡ ಸುಳ್ಳು ವಿಳಾಸ, ತಯಾರಕರನ್ನ ಹುಡುಕಿ ಉಪಯೋಗಿಲ್ಲ. ಸ್ವಿಚ್ ಮ್ಯಾನೇಜ್ಡ್ ಇದ್ರ ಒಳಗ ಮ್ಯಾಕ್ ಟೇಬಲ್ ನೋಡು, ಯಾವ ಪೋರ್ಟ್ ಅಂತ ಹೇಳ್ತದ. ಸಾದಾ ಸ್ವಿಚ್ ಇದ್ರ ಒಂದೇ ದಾರಿ. ಸಿಕ್ಕಿಬಿದ್ದ ಒಂದು ಮಷಿನ್‌ದಿಂದ 192.168.0.1ಕ್ಕ ಎಆರ್‌ಪಿಂಗ್ (‘ಇದ್ದೀಯೇನು’ ಅಂತ ಮತ್ತ ಮತ್ತ ಕೇಳೋ ಸಾಧನ) ಓಡಿಸಿಡು, ಕೇಬಲ್ ಒಂದೊಂದೇ ತೆಗಿ, ಉತ್ತರ ಯಾವಾಗ ನಿಲ್ತದೋ ಅದೇ ಕೇಬಲ್.

ತೊಗರಿಕಣಜ, ಭಾನುವಾರ ಬೆಳಿಗ್ಗೆ 11:05

ಸಾದಾ ಸ್ವಿಚ್. ಸೋಮವಾರ ಸರ್ ಜೊತಿ ಕೇಬಲ್ ತೆಗೀತೀವಿ. ಆದ್ರ ರಾತ್ರಿ ಕೂತು ಆ ಫೈಲ್ ಝೀಕ್‌ಗ ಹಾಕ್ದೆ, ವರದಿ ಬರೀಬೇಕಂತ. ಡಿಹೆಚ್‌ಸಿಪಿ ಲಾಗ್ ಚಂದ ಬಂತು. ಒಂದು ವಿಚಿತ್ರ. ಮೊದಲ ಕಳ್ಳ ಆಫರ್ ಬೆಳಗಿನ ಜಾವ 4:44ಕ್ಕ ಆಗ್ಯಾದ! ಆ ಹೊತ್ತಿಗಿ ಲ್ಯಾಬ್‌ಗ ಬೀಗ. ವಾಚ್‌ಮನ್ ಕಾಕಾನ ಮ್ಯಾಲ ಅನುಮಾನ ಬರ್ಲಾಕತ್ತದ. ಸರ್ ಅವರಿಗಿ ಫೋನ್ ಮಾಡಿ ಹೇಳ್ಲೇನು?

ಭೀಮಾದಂಡೆ, ಭಾನುವಾರ ಬೆಳಿಗ್ಗೆ 11:07

ಫೋನ್ ಕೆಳಗಿಡು. ಲಾಗ್‌ನಿಂದ ಕಾಲಂ ತೆಗೆಯುವ ಝೀಕ್-ಕಟ್‌ಗೆ ಯಾವ ಆಪ್ಷನ್ ಕೊಟ್ಟೆ?

ತೊಗರಿಕಣಜ, ಭಾನುವಾರ ಬೆಳಿಗ್ಗೆ 11:10

ಯು. ವಿಡಿಯೊದಾಗ ಹಂಗೇ ಇತ್ತು.

ಭೀಮಾದಂಡೆ, ಭಾನುವಾರ ಬೆಳಿಗ್ಗೆ 11:29

ಯು ಅಂದರೆ ಯುಟಿಸಿ, ಜಗತ್ತಿನ ಪ್ರಮಾಣ ಸಮಯ. 4:44ಕ್ಕೆ 5 ತಾಸು 30 ನಿಮಿಷ ಕೂಡಿಸು. 10:14. ನೀನು ಲ್ಯಾಬ್‌ನಲ್ಲಿ ಕೂತು ಕೇಬಲ್ ತೆಗೆದು ಹಾಕಿದ ಹೊತ್ತು. ಹಿಡಿಯಲು ಶುರು ಮಾಡಿದ್ದೇ ಹತ್ತರ ಮೇಲೆ ಅಂದಮೇಲೆ ಅದಕ್ಕಿಂತ ಮುಂಚಿನ ಪ್ಯಾಕೆಟ್ ಫೈಲ್‌ನಲ್ಲಿ ಇರೋದಾದರೂ ಹೇಗೆ? ಕ್ಯಾಪ್‌ಇನ್‌ಫೋಸ್ ಮೊದಲು ನೋಡು ಅಂದದ್ದು ಇದಕ್ಕೇ. ಸ್ಥಳೀಯ ಸಮಯ ಬೇಕಾದರೆ ಡಿ ಆಪ್ಷನ್. ಪಿಕ್ಯಾಪ್ (ಪ್ಯಾಕೆಟ್ ಹಿಡಿದಿಟ್ಟ) ಫೈಲ್ ಒಳಗೆ ಯಾವ ಊರಿನ ಸಮಯವೂ ಇಲ್ಲ, ಯುಟಿಸಿಯಲ್ಲಿ ಎಣಿಸಿದ ಸೆಕೆಂಡುಗಳಷ್ಟೇ ಇವೆ. ಟಿಸಿಪಿಡಂಪ್ ನಿನ್ನ ಮಷಿನ್‌ನ ಊರಿಗೆ ಬದಲಿಸಿ ತೋರಿಸುತ್ತದೆ, ಝೀಕ್ ಹಾಗೇ ಸೆಕೆಂಡುಗಳನ್ನೇ ಇಡುತ್ತದೆ.

ನಗುತ್ತಿಲ್ಲ ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಲ್ಲೇ ಒಂದು ಆಫೀಸಿನಲ್ಲಿ ಡೇಟಾಬೇಸ್‌ನ ಟೇಬಲ್ ಒಂದು ಅಳಿದುಹೋಯಿತು. ಸರ್ವರ್ ಲಾಗ್‌ನಲ್ಲಿ 18:10. ಸಂಜೆ 6:10ಕ್ಕೆ ಡ್ಯೂಟಿಯಲ್ಲಿದ್ದವನು ಗುತ್ತಿಗೆಯ ಹುಡುಗ. ಎಲ್ಲರೆದುರು ಕರೆಸಿ ಕೇಳಿದೆವು. ಅವನು ‘ನಾನಲ್ಲ ಸರ್’ ಅನ್ನುತ್ತ ಅಳುತ್ತ ನಿಂತಿದ್ದ. ಮೂರು ದಿನ ಆದಮೇಲೆ ಸರ್ವರ್ ಯುಟಿಸಿಯಲ್ಲಿದೆ ಅಂತ ನನಗೆ ಹೊಳೆಯಿತು. ಅದು ರಾತ್ರಿ 11:40. ಆಗ ಲಾಗಿನ್ ಆಗಿದ್ದವರು ನಮ್ಮ ಸಾಹೇಬರೇ, ಮನೆಯಿಂದ. ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ನಾನು ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟ, ಮಾತಾಡಲಿಲ್ಲ.

ಅದಕ್ಕೇ ನನ್ನ ವರದಿಗಳ ಮೊದಲ ಸಾಲು ಇವತ್ತಿಗೂ ಇದೇ: ‘ಕೆಳಗಿನ ಎಲ್ಲ ಸಮಯಗಳು ಭಾರತೀಯ ಕಾಲಮಾನ, ಮೂಲ ಯುಟಿಸಿ, ಮಷಿನ್ ಗಡಿಯಾರದ ವ್ಯತ್ಯಾಸ ಇಷ್ಟು ಸೆಕೆಂಡ್.’ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಘಟನೆಯನ್ನು 6 ತಾಸಿನಲ್ಲಿ ತಿಳಿಸಬೇಕು, ಲಾಗ್ 180 ದಿನ ಇಡಬೇಕು ಅನ್ನುವುದನ್ನು ಎಲ್ಲರೂ ನೆನಪಿಡುತ್ತಾರೆ. ಅದೇ ಕಾಗದದಲ್ಲಿ ಗಡಿಯಾರಗಳನ್ನು ಎನ್‌ಟಿಪಿಯಲ್ಲಿ (ನೆಟ್‌ವರ್ಕ್ ಮೂಲಕ ಸಮಯ ಸರಿಮಾಡುವ ವಿಧಾನ) ಹೊಂದಿಸಿಡಿ ಅಂತಲೂ ಇದೆ. ಅದನ್ನು ಯಾರೂ ಓದಿದ ಹಾಗಿಲ್ಲ.

ತೊಗರಿಕಣಜ, ಭಾನುವಾರ ಬೆಳಿಗ್ಗೆ 11:36

ವಾಚ್‌ಮನ್ ಕಾಕಾ ದಿನಾ ನಮಗ ಶೇಂಗಾ ಕೊಡ್ತಾರ್ರಿ. ಫೋನ್ ಮಾಡಿದ್ದಿದ್ರ ಏನ್ ಆಗ್ತಿತ್ತೋ.

ಲ್ಯಾಬ್‌ಅಕ್ಕೋರು, ಭಾನುವಾರ ಸಂಜೆ 4:50

ವರದಿಗೆ ಒಂದು ಮಾತು. ಕಾಲೇಜಿನ ಒಳಗಿನ ವಿಷಯ, ಕೋರ್ಟಿಗೆ ಹೋಗುವಂಥದ್ದಲ್ಲ. ಆದರೂ ಹ್ಯಾಶ್ ಹಾಕು. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ಅದರ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗ ಇದೆ. ಮತ್ತೆ, ‘ಇಂಥವರು ಮಾಡಿದರು’ ಅಂತ ಬರೆಯಬೇಡ. ‘ಈ ಮ್ಯಾಕ್ ವಿಳಾಸದ ಸಾಧನ ಈ ಹೊತ್ತಿಗೆ ಈ ಆಫರ್ ಕಳಿಸಿತು’ ಅಂತ ಮಾತ್ರ. ಪ್ಯಾಕೆಟ್‌ನಲ್ಲಿ ಮನುಷ್ಯರು ಇರುವುದಿಲ್ಲ.

ತೊಗರಿಕಣಜ, ಸೋಮವಾರ ಸಂಜೆ 6:02

ಸಿಕ್ತು!

24 ಪೋರ್ಟ್ ಸ್ವಿಚ್. ಗೆಳೆಯ ಎಆರ್‌ಪಿಂಗ್ ನೋಡ್ಕೋತ ಕೂತ, ನಾ ಕೇಬಲ್ ತೆಗ್ಯೋದು. ಹದಿನೇಳನೇ ಕೇಬಲ್ ತೆಗ್ದಾಗ ‘ನಿಂತ್ತೋ!’ ಅಂತ ಒದರ್ದ. ಹಾಕ್ದೆ, ಮತ್ತ ಬಂತು. ತೆಗ್ದೆ, ನಿಂತು. ಮೂರು ಸಲ ಮಾಡಿ ಬರ್ಕೊಂಡೆ. ಆ ವೈರ್ ಹಿಡ್ಕೊಂಡು ಹೋದ್ರ ಗ್ವಾಡಿ ಗುಂಟ, ಅಲಮಾರಿ ಹಿಂದ, ಹಳೇ ಉತ್ತರ ಪತ್ರಿಕೆ ಗಂಟಿನ ಕೆಳಗ ಒಂದು ಬಿಳೀ ವೈಫೈ ರೂಟರ್, ಹಸಿರು ದೀಪ ಮಿಣಮಿಣ. ಕೇಬಲ್ ನೀಲಿ ವ್ಯಾನ್ (ಹೊರಗಿನ ನೆಟ್ ಬರೋ) ಪೋರ್ಟ್ ಬಿಟ್ಟು ಹಳದಿ ಲ್ಯಾನ್ (ಒಳಗಿನ ಮಷಿನ್‌ಗಳಿಗಿ ಐಪಿ ಹಂಚೋ) ಪೋರ್ಟಿಗಿ ಚುಚ್ಚ್ಯಾರ. ರೂಟರ್ ತಳದಾಗಿನ ಚೀಟಿ ಮ್ಯಾಲಿನ ಮ್ಯಾಕ್, ನನ್ನ ಫೈಲ್‌ದಾಗಿನ ಮ್ಯಾಕ್, ಹನ್ನೆರಡೂ ಅಕ್ಷರ ಕೂಡಿದ್ವು.

ಕೋಟೆಬಾಗಿಲು, ಸೋಮವಾರ ಸಂಜೆ 6:15

ಲ್ಯಾನ್ ಪೋರ್ಟ್! ನೂರಕ್ಕ ತೊಂಬತ್ತು ಸಲ ಇದೇ ಕಥಿ. ಸರ್ ಅವರಿಗಿ ಹೇಳು, ಮುಂದಿನ ಸಲ ಸ್ವಿಚ್ ತಗೊಳ್ಳೋವಾಗ ಡಿಹೆಚ್‌ಸಿಪಿ ಸ್ನೂಪಿಂಗ್ ಇರೋದು ತಗೋರಿ ಅಂತ. ಖರೇ ಸರ್ವರ್ ಇರೋ ಪೋರ್ಟ್ ಬಿಟ್ಟು ಬ್ಯಾರೆ ಎಲ್ಲಿಂದ ಆಫರ್ ಬಂದ್ರೂ ಅದು ಒಳಗ ಬಿಡಂಗಿಲ್ಲ.

ಗುಂಡುಸೂಜಿ, ಸೋಮವಾರ ಸಂಜೆ 6:40

ಯಾರು ಇಟ್ಟಿದ್ರು ಅಂತ ಹೇಳು ಮೊದಲ.

ತೊಗರಿಕಣಜ, ಸೋಮವಾರ ರಾತ್ರಿ 9:30

ವರದಿದಾಗ ಬರ್ದಿಲ್ಲ, ಅಕ್ಕೋರು ಬ್ಯಾಡಂದಾರ. ಇಲ್ಲಿ ಇಷ್ಟ ಹೇಳ್ತೀನಿ. ಲ್ಯಾಬ್ ಅಟೆಂಡರ್ ಕಾಕಾ ತಾವೇ ಬಂದು ಸರ್ ಮುಂದ ಒಪ್ಕೊಂಡ್ರು. ಆ ಮೂಲ್ಯಾಗ ಮೊಬೈಲ್ ಸಿಗ್ನಲ್ ಬರಂಗಿಲ್ಲ, ಮಗಳು ಬೆಂಗಳೂರಿಂದ ಮಧ್ಯಾಹ್ನ ವಿಡಿಯೊ ಕಾಲ್ ಮಾಡ್ತಾಳ, ಅದಕ್ಕ ಮನ್ಯಾಗಿನ ಹಳೇ ರೂಟರ್ ತಂದು ಹಚ್ಚಿದ್ರಂತ. ಸರ್ ಬೈಯಲಿಲ್ಲ. ರೂಟರ್ ಮನೀಗಿ ಒಯ್ಯಿರಿ ಅಂದ್ರು, ಅಷ್ಟೇ. ಇವತ್ತು ಮಧ್ಯಾಹ್ನ ಕಾಕಾ ಕುರ್ಚಿ ಎಳ್ಕೊಂಡು ಹೋಗಿ ಕಿಟಕಿ ಬಾಜೂಕ ಕೂತಿದ್ರು. ಬಿಸಿಲು ನೇರ ಮುಖಕ್ಕ ಹೊಡೀತದ, ಆದ್ರ ಅಲ್ಲಿ ಎರಡು ಕಡ್ಡಿ ಸಿಗ್ನಲ್ ಬರ್ತದ.